ಹಾಜರಿ ಸಂಖ್ಯೆ 27ಕ್ಕೆ ಒಂದು ಪತ್ರ

ಶಿವಮೊಗ್ಗ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ. ಅಮ್ಮನ ಮಂಡಿನೋವು ಬಿಸಿಲು ಬಂದ ಮೇಲೆ ಸ್ವಲ್ಪ ಹತೋಟಿಗೆ ಬಂದಿದೆ. ದಿನ ಬಿಟ್ಟು ದಿನ ವಿಡಿಯೊ ಕಾಲ್‌ನಲ್ಲಿ ಮುಖ ನೋಡಿಕೊಂಡು ಮಾತನಾಡುವ ಮಗಳಿಗೆ ಅಂಚೆಯಲ್ಲಿ ಪತ್ರ ಏಕೆ ಎಂದು ನೀನು ನಗಬಹುದು. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ಅಮ್ಮ ಅದನ್ನು ಕಸಿದುಕೊಳ್ಳುತ್ತಾಳೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಪತ್ರದ ಕೊನೆಯಲ್ಲಿದೆ.

ನೀನು ನೋಡಲೇಬೇಕೆಂದು ಹಟ ಹಿಡಿದಿದ್ದ ‘ದಿ ಅಂಬ್ರೆಲ್ಲಾ ಅಕಾಡೆಮಿ’ಯ ಎರಡನೆಯ ಸೀಸನ್ನನ್ನು ಕಳೆದ ವಾರ ನೋಡಿ ಮುಗಿಸಿದೆವು. ಮೊದಲನೆಯ ಸೀಸನ್ನಿನಲ್ಲಿ ನಾನು ಅರ್ಧಕ್ಕರ್ಧ ತೂಕಡಿಸಿದ್ದು ನಿನಗೆ ಗೊತ್ತೇ ಇದೆ. ಈ ಸಲ ಹತ್ತೂ ಸಂಚಿಕೆಗಳನ್ನು ಕಣ್ಣು ಮಿಟುಕಿಸದೆ ನೋಡಿದೆ. ನಡುವೆ ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. 2020ರ ಜುಲೈ 31ರಂದು, ಇಡೀ ಲೋಕ ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತಿದ್ದ ಕಾಲದಲ್ಲಿ, ಇದು ನೆಟ್‌ಫ್ಲಿಕ್ಸ್‌ಗೆ ಬಂತು ಎಂದು ನೀನು ಹೇಳಿದ್ದೆ. ಆಗಲೇ ನೋಡಿದ್ದರೆ ಚೆನ್ನಾಗಿತ್ತೋ ಏನೋ. ಆಗ ನೀನು ಇಲ್ಲೇ, ಪಕ್ಕದ ಕೋಣೆಯಲ್ಲೇ ಇದ್ದೆ.

ನನಗೆ ಕಥೆ ತಲೆಗೆ ಹತ್ತಿದೆಯೋ ಇಲ್ಲವೋ ಎಂಬ ಅನುಮಾನ ನಿನಗೆ ಇದ್ದೇ ಇರುತ್ತದೆ. ಆದ್ದರಿಂದ ಮೊದಲು ಪಾಠ ಒಪ್ಪಿಸಿಬಿಡುತ್ತೇನೆ, ತಪ್ಪಿದ್ದಲ್ಲಿ ತಿದ್ದು. 1989ರ ಅಕ್ಟೋಬರ್ 1ರಂದು, ಆ ದಿನ ಬೆಳಗಾದಾಗ ಬಸುರಿಯರೇ ಆಗಿರದಿದ್ದ 43 ಹೆಂಗಸರು ಜಗತ್ತಿನ ಬೇರೆ ಬೇರೆ ಕಡೆ ಮಕ್ಕಳನ್ನು ಹೆರುತ್ತಾರೆ. ಅವುಗಳಲ್ಲಿ ಏಳು ಕೂಸುಗಳನ್ನು ಸರ್ ರೆಜಿನಾಲ್ಡ್ ಹಾರ್ಗ್ರೀವ್ಸ್ ಎಂಬ ಕೋಟ್ಯಧೀಶ ತಂದು, ವಿಚಿತ್ರ ಶಕ್ತಿಗಳಿರುವ ಅವರನ್ನು ಲೋಕ ಉಳಿಸುವ ‘ಅಂಬ್ರೆಲ್ಲಾ ಅಕಾಡೆಮಿ’ ಎಂಬ ಪಡೆಯಾಗಿ ಸಾಕುತ್ತಾನೆ. ಸಾಕುತ್ತಾನೆ ಎಂಬುದಕ್ಕಿಂತ ಪಳಗಿಸುತ್ತಾನೆ ಎನ್ನಬೇಕು. ಅವನು ಅವರಿಗೆ ಕೊಟ್ಟದ್ದು ಒಂದರಿಂದ ಏಳರವರೆಗಿನ ನಂಬರು. ಲೂಥರ್, ಡಿಯೇಗೊ, ಆಲಿಸನ್, ಕ್ಲೌಸ್, ಬೆನ್, ವಾನ್ಯಾ ಎಂಬ ಹೆಸರುಗಳು ಆಮೇಲೆ ಬಂದವು. ಐದನೆಯವನಿಗೆ ಅದೂ ಬರಲಿಲ್ಲ, ಅವನು ಕೊನೆಯವರೆಗೂ ಬರಿಯ ಫೈವ್. ಮೊದಲ ಸೀಸನ್ನಿನ ಕೊನೆಯಲ್ಲಿ ಏಳನೆಯವಳಾದ ವಾನ್ಯಾಳ ಅದುಮಿಟ್ಟ ಶಕ್ತಿ ಸಿಡಿದು, ಚಂದ್ರ ಒಡೆದು, ಭೂಮಿಯೇ ಮುಗಿದುಹೋಗುವ ಗಳಿಗೆಯಲ್ಲಿ ಫೈವ್ ಎಲ್ಲರ ಕೈ ಹಿಡಿದು ಹಿಂದಿನ ಕಾಲಕ್ಕೆ ಹಾರುತ್ತಾನೆ. ಮೂರನೆಯ ಸೀಸನ್ನಿನಿಂದ ವಾನ್ಯಾ ವಿಕ್ಟರ್ ಆಗುವುದನ್ನೂ, ಆ ಪಾತ್ರ ಮಾಡಿದ ಎಲಿಯಟ್ ಪೇಜ್ ತಾವು ಟ್ರಾನ್ಸ್‌ಜೆಂಡರ್ ಎಂದು 2020ರ ಡಿಸೆಂಬರಿನಲ್ಲಿ ಹೇಳಿಕೊಂಡದ್ದನ್ನೂ ನೀನು ತಿಳಿಸಿದ್ದೀಯೆ. ನಾನಿನ್ನೂ ಎರಡರಲ್ಲೇ ಇರುವುದರಿಂದ ಹಳೆಯ ಹೆಸರನ್ನೇ ಬರೆಯುತ್ತಿದ್ದೇನೆ.

ಹಾರಿದವರು ಬಂದು ಬೀಳುವುದು ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಒಂದೇ ಓಣಿಯಲ್ಲಿ, ಆದರೆ ಬೇರೆ ಬೇರೆ ವರ್ಷಗಳಲ್ಲಿ. ಕ್ಲೌಸ್ ಮತ್ತು ಅವನಿಗಷ್ಟೇ ಕಾಣುವ ಸತ್ತ ತಮ್ಮ ಬೆನ್ 1960ರಲ್ಲಿ, ಆಲಿಸನ್ 1961ರಲ್ಲಿ, ಲೂಥರ್ 1962ರಲ್ಲಿ, ಉಳಿದವರು 1963ರಲ್ಲಿ. ಒಬ್ಬರಿಗೊಬ್ಬರು ಬದುಕಿದ್ದಾರೋ ಇಲ್ಲವೋ ತಿಳಿಯದು. ಲೋಕ ಉಳಿಸುವ ಏಳು ಮಂದಿ ಹೊಟ್ಟೆಪಾಡು ನೋಡಿಕೊಳ್ಳಬೇಕಾಗಿ ಬಂದದ್ದೇ ಈ ಸೀಸನ್ನಿನ ಸೊಗಸು ಎಂದು ನನಗೆ ಅನ್ನಿಸಿತು. ಒಬ್ಬ ಮುಷ್ಟಿಕಾಳಗವಾಡಿ ಸಂಪಾದಿಸುತ್ತಾನೆ, ಒಬ್ಬ ಮುಂದೆ ಬರಲಿರುವ ಹಾಡುಗಳ ಸಾಲುಗಳನ್ನೇ ಉಪದೇಶವೆಂದು ಹೇಳಿ ಮಠ ಕಟ್ಟುತ್ತಾನೆ, ಒಬ್ಬ ಹುಚ್ಚಾಸ್ಪತ್ರೆ ಸೇರುತ್ತಾನೆ. ನೆನಪು ಕಳೆದುಕೊಂಡ ವಾನ್ಯಾ ಒಂದು ಹೊಲಮನೆಯಲ್ಲಿ, ಮಾತು ಬಾರದ ಹಾರ್ಲನ್ ಎಂಬ ಹುಡುಗನನ್ನು ನೋಡಿಕೊಳ್ಳುತ್ತ ಇರುತ್ತಾಳೆ. ಬೆನ್ನಟ್ಟುವ ಹಂತಕರ ಕಥೆಯನ್ನು ನಾನು ಬಿಟ್ಟುಬಿಡುತ್ತೇನೆ. ಹೆಗಲ ಮೇಲೆ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಮೀನು, ಅದೇ ದೊಡ್ಡ ಅಧಿಕಾರಿ ಎಂಬುದನ್ನು ಕಂಡಾಗ ಅಮ್ಮ “ಇದೆಂಥದು ಮಾರಾಯ್ರೆ” ಎಂದು ಎದ್ದು ಸಾರು ಕುದಿಸಲು ಹೋದಳು.

ಅವಳು ಮರಳಿ ಬಂದು ಕುಳಿತದ್ದು ಆಲಿಸನ್‌ಗಾಗಿ. ಕಪ್ಪು ಹೆಣ್ಣುಮಗಳು, 1961ರ ಡಲ್ಲಾಸ್, ಬಿಳಿಯರಿಗೆ ಮಾತ್ರ ಎಂಬ ಹೋಟೆಲು. ಮೇಲಾಗಿ ಕುತ್ತಿಗೆಗೆ ಗಾಯವಾಗಿ ಸ್ವರವೇ ಹೊರಡದು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ನಿನಗೆ ನೆನಪಿರಬಹುದು. ಅಂಗಡಿ, ಹೋಟೆಲುಗಳಿಗೆ ಎಲ್ಲರಿಗೂ ಪ್ರವೇಶವಿದೆ ಎಂದು ನಮ್ಮ ಸಂವಿಧಾನದ 15ನೆಯ ವಿಧಿ ಅದಕ್ಕೂ ಹತ್ತು ವರ್ಷ ಮೊದಲೇ ಹೇಳಿತ್ತು. ಹೇಳಿದ ಮೇಲೂ ನಮ್ಮ ಹಳ್ಳಿಯ ಚಹಾದಂಗಡಿಯಲ್ಲಿ ಲೋಟ ಬೇರೆ ಇದ್ದದ್ದನ್ನು ನಾನೇ ಚಿಕ್ಕಂದಿನಲ್ಲಿ ಕಂಡಿದ್ದೇನೆ. ಈ ಸೀಸನ್ನಿನಲ್ಲಿ ಆಲಿಸನ್‌ಳ ಗಂಡ ರೇಮಂಡ್ ಅಂಥದೇ ಧರಣಿಯನ್ನು ಸಂಘಟಿಸುವವನು. ಅವಳಿಗೋ, ತಾನು ಒಂದು ಮಾತು ಹೇಳಿದರೆ ಎದುರಿನವನು ಅದರಂತೆ ನಡೆಯಲೇಬೇಕಾಗುವ ಶಕ್ತಿ. ಸ್ವರ ಮರಳಿದ ಮೇಲೆ ಒಂದು ದಿನ ಅವಳು ಅದೇ ಹೋಟೆಲಿನವನ ಕೈಯಲ್ಲಿ ಕಾಫಿ ಬಗ್ಗಿಸಿಕೊಳ್ಳುತ್ತಾಳೆ. ಲೋಟ ತುಂಬಿ ಹರಿದು ಅವನ ಕೈ ಬೆಂದರೂ ನಿಲ್ಲಿಸಲು ಬಿಡುವುದಿಲ್ಲ. ರೇಮಂಡ್‌ನ ಮುಖವನ್ನು ಗಮನಿಸಿದೆಯಾ? ಗೆದ್ದವನ ಮುಖವಲ್ಲ ಅದು. ಅವನು ಬಯಸಿದ್ದು ಆ ಕಾಫಿಯನ್ನಲ್ಲ.

ಈ ಮಾತನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ಇದೇ ಶಕ್ತಿಯನ್ನು ಅವಳು ಹಿಂದೆ ತನ್ನ ಪುಟ್ಟ ಮಗಳು ಕ್ಲೇರ್‌ಳ ಮೇಲೆ ಬಳಸಿದ್ದಳು. ಅದು ತಿಳಿದೇ ಅಲ್ಲವೇ ಮೊದಲ ಸಂಸಾರ ಮುರಿದು, ಮಗು ಕೈತಪ್ಪಿದ್ದು? ಮಗು ಹೇಳಿದ ಹಾಗೆ ಕೇಳಬೇಕೆಂದು ಯಾವ ತಂದೆತಾಯಿಗೆ ತಾನೇ ಆಸೆಯಿಲ್ಲ. ಹೇಳಿದ ಹಾಗೆ ಕೇಳುವ ಮಗುವನ್ನು ಎಲ್ಲರೂ ಹೊಗಳುತ್ತಾರೆ ಕೂಡ. ನಿನ್ನನ್ನು ಬಹಳ ಹೊಗಳಿದ್ದಾರೆ.

ಈಗ ಆರನೆಯ ಸಂಚಿಕೆಯ ಊಟಕ್ಕೆ ಬರುತ್ತೇನೆ. ನನ್ನ ನಿದ್ದೆ ಕೆಟ್ಟದ್ದು ಅಲ್ಲಿಂದಲೇ. 1963ರ ಡಲ್ಲಾಸ್‌ನಲ್ಲಿ ರೆಜಿನಾಲ್ಡ್ ಇದ್ದಾನೆ, ಆದರೆ ಅವನಿಗಿನ್ನೂ ಮಕ್ಕಳಿಲ್ಲ. ಮುಂದೆ ತನ್ನ ಮಕ್ಕಳಾಗಲಿರುವವರು ಬೆಳೆದ ಗಂಡಸರಾಗಿ, ಹೆಂಗಸರಾಗಿ ಬಂದು ತನ್ನನ್ನು ಅಪ್ಪ ಎನ್ನುತ್ತಿರುವುದು ಅವನ ಕಿವಿಗೆ ಬಿದ್ದಿದೆ. ಒಂದು ಸಂಜೆ ಅವರನ್ನೆಲ್ಲ ಊಟಕ್ಕೆ ಕರೆಯುತ್ತಾನೆ. ಬರುವಾಗ ಅವರು ಹೇಗೆ ಬಂದರು ನೋಡು: ಮೂವತ್ತು ದಾಟಲಿರುವವರು ಹಬ್ಬಕ್ಕೆ ಹೊರಟ ಮಕ್ಕಳಂತೆ ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡು, ಒಳಗೊಳಗೇ ನಡುಗಿಕೊಂಡು. ಕುಳಿತ ಕೂಡಲೇ ಒಬ್ಬರ ಮಾತಿನ ಮೇಲೆ ಒಬ್ಬರ ಮಾತು, ಜಗಳ, ದೂರು. ನೀನು ನನ್ನ ಮೈಯನ್ನು ಏನು ಮಾಡಿಟ್ಟೆ ನೋಡು ಎಂದು ಲೂಥರ್ ಅಂಗಿಯನ್ನೇ ಹರಿದು ವಾನರನಂಥ ಎದೆಯನ್ನು ತೋರಿಸುತ್ತಾನೆ. ಅಧ್ಯಕ್ಷ ಕೆನಡಿಯ ಕೊಲೆಯ ಸಂಚಿನಲ್ಲಿ ನೀನೂ ಇದ್ದೀಯೆ ಎಂದು ಡಿಯೇಗೊ ಎದ್ದು ನಿಂತು ಆರೋಪಿಸುತ್ತಾನೆ. ರೆಜಿನಾಲ್ಡ್ ದನಿ ಏರಿಸುವುದಿಲ್ಲ. ನೀನು ಎಷ್ಟು ಕ್ಷುಲ್ಲಕನೆಂಬುದು ನಿನಗೇ ತಿಳಿದಿಲ್ಲ, ಕೈಗೆತ್ತಿಕೊಂಡದ್ದರಲ್ಲಿ ಸೋಲುವವನು ನೀನು ಎಂಬರ್ಥದ ಮಾತುಗಳನ್ನು ತಣ್ಣಗೆ, ಶುದ್ಧ ವ್ಯಾಕರಣದಲ್ಲಿ ಹೇಳಿ ಮುಗಿಸುತ್ತಾನೆ. ಚಾಕುವನ್ನು ಗಾಳಿಯಲ್ಲಿ ತಿರುಗಿಸಬಲ್ಲ ಆ ಡಿಯೇಗೊ ಉತ್ತರ ಹೇಳಲು ಬಾಯಿ ತೆರೆದರೆ ಚಿಕ್ಕಂದಿನ ತೊದಲು ಮರಳಿ ಬಂದು ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

“ಉಣ್ಣಲಿಕ್ಕೆ ಕರೆದು ಹೀಗೆ ಅನ್ನುವುದಾ?” ಎಂದಳು ಅಮ್ಮ. ನಾನು ರಿಮೋಟ್ ಹುಡುಕುವ ನೆಪದಲ್ಲಿ ಸುಮ್ಮನಾದೆ. ಆ ತಣ್ಣಗಿನ ದನಿಯ ಪರಿಚಯ ನನಗಿತ್ತು, ಪುಟ್ಟಿ. ಕೊನೆಯ ಬೆಂಚಿನವರೆಗೂ ಕೇಳಿಸುವಷ್ಟು, ಆದರೆ ಪಕ್ಕದ ತರಗತಿಗೆ ಕೇಳಿಸದಷ್ಟು ಎತ್ತರದ ದನಿ. ಅದನ್ನು ರೂಢಿಸಿಕೊಳ್ಳಲು ನನಗೆ ಹಲವು ವರ್ಷ ಹಿಡಿದಿತ್ತು.

ಇತಿಹಾಸ ಕಲಿಸಿದವನಾದ್ದರಿಂದ ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಸಹಿಸಿಕೊ. 1963ರ ನವೆಂಬರ್ 22ರ ಮಧ್ಯಾಹ್ನ ಡಲ್ಲಾಸಿನ ಡೀಲಿ ಪ್ಲಾಜಾದಲ್ಲಿ ಕೆನಡಿಗೆ ಗುಂಡು ಬಿದ್ದಾಗ ಒಳ್ಳೆಯ ಬಿಸಿಲಿತ್ತು. ಆ ಬಿಸಿಲಿನಲ್ಲಿ ಒಬ್ಬಾತ ಕಪ್ಪು ಕೊಡೆ ಬಿಚ್ಚಿ ನಿಂತಿದ್ದ. ಸರಣಿಯವರು ಆ ಕೊಡೆಯನ್ನು ರೆಜಿನಾಲ್ಡ್‌ನ ಕೈಗೆ ಕೊಟ್ಟು, ಡಿಯೇಗೊವಿನ ಅನುಮಾನವನ್ನೆಲ್ಲ ಅದರ ಮೇಲೆ ಕಟ್ಟಿದ್ದಾರೆ. ನಿಜವಾದ ಕೊಡೆಯ ಮನುಷ್ಯನ ಹೆಸರು ಲೂಯಿ ಸ್ಟೀವನ್ ವಿಟ್. 1978ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅವನು ಕೊಟ್ಟ ಸಾಕ್ಷ್ಯ ವಿಚಿತ್ರವಾಗಿದೆ: ತನ್ನ ಸಿಟ್ಟು ಇದ್ದದ್ದು ಅಧ್ಯಕ್ಷನ ತಂದೆ ಜೋಸೆಫ್ ಕೆನಡಿಯ ಮೇಲೆ, ಆತ ಲಂಡನ್ನಿನಲ್ಲಿ ರಾಯಭಾರಿಯಾಗಿದ್ದಾಗ ಹಿಟ್ಲರನಿಗೆ ಮಣಿದ ಪ್ರಧಾನಿ ಚೇಂಬರ್ಲೇನ್‌ನ ನೀತಿಯನ್ನು ಬೆಂಬಲಿಸಿದ್ದ, ಚೇಂಬರ್ಲೇನ್‌ನ ಗುರುತೇ ಕೊಡೆ, ಆದ್ದರಿಂದ ಮಗನನ್ನು ಕೆಣಕಲು ಕೊಡೆ ಹಿಡಿದೆ. ಅಪ್ಪನ ಲೆಕ್ಕವನ್ನು ಮಗನ ಮುಂದೆ ಚುಕ್ತಾ ಮಾಡಲು ಬಂದವನು.

ಆ ಜೋಸೆಫ್ ಕೆನಡಿಗೆ ಒಂಬತ್ತು ಮಕ್ಕಳು. ಅವರ ಕಾಯಿಲೆ, ಚುಚ್ಚುಮದ್ದುಗಳನ್ನೆಲ್ಲ ತಾಯಿ ರೋಸ್ ಕಾರ್ಡುಗಳಲ್ಲಿ ಬರೆದು ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದಳಂತೆ. ತಂದೆಯ ಕಣ್ಣಿದ್ದದ್ದು ಅಧ್ಯಕ್ಷ ಪದವಿಯ ಮೇಲೆ. ಅದಕ್ಕೆ ಅಣಿಗೊಳಿಸಿದ್ದು ಮೊದಲನೆಯ ಮಗನನ್ನು. ಅವನು 1944ರಲ್ಲಿ ಯುದ್ಧವಿಮಾನ ಸಿಡಿದು ಸತ್ತಾಗ ಆ ಹೊರೆ ಎರಡನೆಯವನ ಹೆಗಲಿಗೆ ಬಂತು. ಹೀಗೆ ಅಧ್ಯಕ್ಷನಾದವನೇ ಜಾನ್. ಮೂರನೆಯವಳು ರೋಸ್‌ಮೇರಿ, ಕಲಿಕೆಯಲ್ಲಿ ಹಿಂದೆ. ಅವಳಿಗೆ 23 ವರ್ಷವಾಗಿದ್ದಾಗ, 1941ರಲ್ಲಿ, ಸಿಟ್ಟುಸೆಡವು ಕಡಿಮೆಯಾಗಲೆಂದು ತಂದೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿದ. ಆಮೇಲೆ ಅವಳಿಗೆ ನಡೆಯಲೂ ಮಾತನಾಡಲೂ ಸರಿಯಾಗಿ ಬರಲಿಲ್ಲ. ಮನೆಯಿಂದ ದೂರ ವಿಸ್ಕಾನ್ಸಿನ್‌ನ ಒಂದು ಆರೈಕೆ ಕೇಂದ್ರದಲ್ಲಿ ದಶಕಗಳ ಕಾಲ ಇದ್ದು, 2005ರಲ್ಲಿ ತೀರಿಕೊಂಡಳು. ಏಳನೆಯವಳಾದ ವಾನ್ಯಾಳನ್ನು ರೆಜಿನಾಲ್ಡ್ ಸದ್ದು ಹೊರಬಾರದ ಕೋಣೆಯಲ್ಲಿ ಕೂಡಿ, ನಿನ್ನಲ್ಲಿ ಏನೂ ವಿಶೇಷವಿಲ್ಲ ಎಂದು ನಂಬಿಸಿ, ವರ್ಷಗಟ್ಟಲೆ ಮಾತ್ರೆ ನುಂಗಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡು. ಬರೆದವರ ಮನಸ್ಸಿನಲ್ಲಿ ರೋಸ್‌ಮೇರಿ ಇದ್ದಳು ಎಂದು ನಾನು ಹೇಳುತ್ತಿಲ್ಲ. ಕೆನಡಿಯ ಕೊಲೆಯಾದ ಊರಿಗೆ ಈ ಮಕ್ಕಳನ್ನು ಕರೆದೊಯ್ದಾಗ ಈ ಎರಡು ಮನೆಗಳು ನನ್ನ ಕಣ್ಣಿಗೆ ಎದುರುಬದುರಾಗಿ ನಿಂತವು, ಅಷ್ಟೇ. ಡಲ್ಲಾಸಿನ ಸುದ್ದಿ ಬಂದಾಗ ಜೋಸೆಫ್ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಗಿ ಎರಡು ವರ್ಷವಾಗುತ್ತ ಬಂದಿತ್ತು.

ಮತ್ತೆ ಊಟದ ಮೇಜಿಗೆ. ಅಂದು ರೆಜಿನಾಲ್ಡ್ ಒಂದು ಒಳ್ಳೆಯ ಮಾತನ್ನೂ ಆಡುತ್ತಾನೆ ಎಂಬುದನ್ನು ನಾನು ಮರೆಮಾಚುವುದಿಲ್ಲ. ದಶಕಗಳನ್ನು ದಾಟಲು ಹೋಗಿ ಪ್ರತಿಸಲವೂ ಎಡವುವ ಫೈವ್‌ನನ್ನು ಒಬ್ಬನನ್ನೇ ಕೂರಿಸಿಕೊಂಡು, ದಶಕಗಳ ಗೊಡವೆ ಬಿಡು, ಕೆಲವು ಕ್ಷಣಗಳಷ್ಟು ಹಿಂದೆ ಹೋಗುವುದನ್ನು ಅಭ್ಯಾಸ ಮಾಡು ಎನ್ನುತ್ತಾನೆ. ಕೊನೆಯ ಸಂಚಿಕೆಯಲ್ಲಿ ಆ ಕೊಟ್ಟಿಗೆಯಲ್ಲಿ ಎಲ್ಲರೂ ಗುಂಡೇಟಿಗೆ ಬಿದ್ದಾಗ ಫೈವ್ ಕೆಲವೇ ಕ್ಷಣ ಹಿಂದಕ್ಕೆ ಸರಿದು ಎಲ್ಲರನ್ನೂ ಉಳಿಸುವುದು ಈ ಮಾತಿನಿಂದಲೇ. ಆದರೆ ಒಂದು ವಿಷಯ ಗಮನಿಸು. ಈ ಸಲಹೆಯನ್ನು ಅವನು ಕೊಟ್ಟದ್ದು ಮಗನಿಗಲ್ಲ, ಗುರುತಿಲ್ಲದ ಒಬ್ಬ ಬುದ್ಧಿವಂತ ಅತಿಥಿಗೆ. ಮಗನಾಗಿ ಸಾಕಿದ ಮೇಲೆ ಇಷ್ಟು ತಾಳ್ಮೆಯಿಂದ ಅವನೊಡನೆ ಮಾತನಾಡಿದ್ದನ್ನು ನಾನು ಎಲ್ಲಿಯೂ ಕಾಣಲಿಲ್ಲ. ಪರರ ಮಕ್ಕಳಿಗೆ ಪಾಠ ಹೇಳಿಕೊಡುವಾಗ ಇರುವ ಸಹನೆ ಮನೆಯ ಮಕ್ಕಳಿಗೆ ಹೇಳಿಕೊಡುವಾಗ ಎಲ್ಲಿ ಹೋಗುತ್ತದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಾವೇ ಹೇಳಿಕೊಂಡು ನಗುತ್ತಿದ್ದೆವು.

ಬೆನ್ ಕರಗಿಹೋಗುವ ಸಂಚಿಕೆಯ ಬಗ್ಗೆ ಹೆಚ್ಚು ಬರೆಯಲಾರೆ. ವಾನ್ಯಾಳೊಳಗೆ ಹೊಕ್ಕು, ತಪ್ಪು ನಿನ್ನದಲ್ಲ, ಅಪ್ಪ ನಿನ್ನನ್ನು ಮಗುವಿನಂತೆ ನೋಡದೆ ಬಾಂಬಿನಂತೆ ನೋಡಿದ ಎಂದು ಅವಳಿಗೆ ತಿಳಿಹೇಳಿ, ಹೋಗುವ ಮುನ್ನ ಒಮ್ಮೆ ಅಪ್ಪಿಕೊಳ್ಳುವೆಯಾ ಎಂದು ಕೇಳುತ್ತಾನಲ್ಲ, ಆಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಕನ್ನಡಕ ಒರೆಸಿಕೊಂಡೆ.

ಕೊನೆಗೆ ಅವರೆಲ್ಲ 2019ರ ತಮ್ಮ ಮನೆಗೆ ಮರಳುತ್ತಾರೆ. ಮನೆ ಅದೇ, ಅಪ್ಪ ಬದುಕಿದ್ದಾನೆ, ಆದರೆ ಬೆನ್ ಒಬ್ಬನನ್ನು ಬಿಟ್ಟರೆ ಮಕ್ಕಳು ಬೇರೆ. ಅಂಬ್ರೆಲ್ಲಾ ಅಕಾಡೆಮಿಯ ಜಾಗದಲ್ಲಿ ಸ್ಪ್ಯಾರೋ ಅಕಾಡೆಮಿ. ನೀನು ಇದನ್ನು ಒಳ್ಳೆಯ ತಿರುವು ಎಂದು ಹೊಗಳಿದ್ದೆ. ನನಗೆ ಅದು ತಿರುವಾಗಿ ಕಾಣಲಿಲ್ಲ, ಊಟದ ಬಿಲ್ಲಿನಂತೆ ಕಂಡಿತು. ಲೋಕದ ಯಾವ ತಂದೆಗೂ ಸಿಗದ ಅವಕಾಶ ಆ ಮನುಷ್ಯನಿಗೆ ಸಿಕ್ಕಿತ್ತು: ಮಕ್ಕಳು ಇನ್ನೂ ಹುಟ್ಟುವ ಮೊದಲೇ, ತಾನು ಸಾಕಿದರೆ ಅವರು ಎಂಥವರಾಗುತ್ತಾರೆ ಎಂಬುದನ್ನು ಒಂದು ಸಂಜೆ ಎದುರಿಗೆ ಕುಳಿತು ನೋಡಿದ. ಒಬ್ಬನ ತೊದಲು, ಒಬ್ಬನ ಹರಿದ ಅಂಗಿ, ಒಬ್ಬನ ಕುಡಿತ, ಎಲ್ಲವನ್ನೂ ನೋಡಿದ. ನೋಡಿ, 26 ವರ್ಷ ಸಮಯವಿಟ್ಟುಕೊಂಡು, ಅವನು ತನ್ನ ಸಾಕುವ ರೀತಿಯನ್ನು ಬದಲಿಸಲಿಲ್ಲ. ಮಕ್ಕಳನ್ನು ಬದಲಿಸಿದ.

ನಿನ್ನ ಪಿಯುಸಿ ಫಲಿತಾಂಶ ಬಂದ ದಿನ ನಾನು ನನ್ನ ಸಹೋದ್ಯೋಗಿಯೊಬ್ಬರ ಮಗಳ ಅಂಕಗಳನ್ನು ಊಟದ ಹೊತ್ತಿನಲ್ಲಿ ಎರಡು ಸಲ ಹೇಳಿದ್ದೆ. ಎರಡು ಸಲ. ಮೊದಲನೆಯದು ಬಾಯಿತಪ್ಪಿ ಬಂದದ್ದು ಎನ್ನಬಹುದು. ನೀನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು, ಕಲಸಿ, ಉಣ್ಣದೆ ಎದ್ದುಹೋದೆ. ಆ ತಟ್ಟೆ ಈ ವಾರ ನನ್ನ ಕಣ್ಣಮುಂದೆ ಬರುತ್ತಲೇ ಇತ್ತು.

ಇನ್ನು ನಂಬರಿನ ಮಾತು. ನಾನು 32 ವರ್ಷ ಹಾಜರಿ ಕೂಗಿದವನು. ನಮ್ಮದೇ ಶಾಲೆಯಲ್ಲಿ, ನನ್ನದೇ ತರಗತಿಯಲ್ಲಿ ನೀನು ಕುಳಿತ ಎರಡು ವರ್ಷ, ಸ್ವಂತ ಮಗಳೆಂಬ ಪಕ್ಷಪಾತ ತೋರಿದನೆಂದು ಯಾರೂ ಆಡಬಾರದೆಂದು ನಿನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು. “ಪ್ರೆಸೆಂಟ್ ಸರ್” ಎನ್ನುತ್ತಿದ್ದೆ ನೀನು, ಉಳಿದವರ ಹಾಗೆಯೇ. ಅದನ್ನು ನಾನು ನ್ಯಾಯವೆಂದು ತಿಳಿದಿದ್ದೆ; ಹೆಮ್ಮೆಯನ್ನೂ ಪಟ್ಟಿದ್ದೆ.

ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಆಷಾಢದ ಬೆಳಿಗ್ಗೆ ನಿನಗೆ ಕೆಂಡದಂಥ ಜ್ವರ. ನಿನ್ನ ಹಣೆ ಮುಟ್ಟಿ ನೋಡಿ, ಕೊಡೆ ಹಿಡಿದು ಶಾಲೆಗೆ ಹೋದವನು ನಾನೇ. ಹೋಗಿ ಹಾಜರಿ ತೆರೆದು ಇಪ್ಪತ್ತೇಳು ಎಂದು ಕೂಗಿ, ಉತ್ತರಕ್ಕಾಗಿ ತಲೆಯೆತ್ತಿ ಕಾದವನೂ ನಾನೇ. ಹುಡುಗರು ಮುಖ ಮುಖ ನೋಡಿಕೊಂಡರು. “ಸರ್, ನಿಮ್ಮ ಮನೇಲೇ ಇದ್ದಾಳಲ್ಲ ಸರ್” ಎಂದ ಒಬ್ಬ. “ರಜಾ ಅರ್ಜಿ ಬಂದಿಲ್ಲ” ಎಂದು ಗೈರುಹಾಜರಿ ಹಾಕಿದೆ. ಆ ಸಂಜೆ ಊಟಕ್ಕೆ ಕುಳಿತಾಗ ಅದನ್ನು ತಮಾಷೆಯೆಂಬಂತೆ ಹೇಳಿದೆ. ನೀನು ನಗಲಿಲ್ಲ. ಹೊದಿಕೆ ಹೊದ್ದುಕೊಂಡೇ ಎದ್ದು ಕುಳಿತು, ನೋಟ್‌ಬುಕ್ಕಿನ ಹಾಳೆ ಹರಿದು, ನಾನು ಕಲಿಸಿದ ಕ್ರಮದಲ್ಲೇ ಬರೆದೆ: ಇವರಿಗೆ, ತರಗತಿ ಶಿಕ್ಷಕರು, ಇವರಿಂದ, ಹಾಜರಿ ಸಂಖ್ಯೆ 27, ಮಾನ್ಯರೇ, ವಿಷಯ: ಒಂದು ದಿನದ ರಜೆಗಾಗಿ ಕೋರಿಕೆ. ನನಗೆ ಜ್ವರ ಬಂದಿರುವುದರಿಂದ ಎಂದು ಬರೆದು, ಕೆಳಗೆ ಎಡಗಡೆ ಚುಕ್ಕಿಗಳನ್ನಿಟ್ಟು ‘ಪೋಷಕರ ಸಹಿ’ ಎಂಬ ಜಾಗ ಮಾಡಿ, ನನ್ನ ಮುಂದೆ ಇಟ್ಟೆ. ನಾಳೆ ಶಾಲೆಯಲ್ಲೇ ಕೊಡು ಎಂದುಬಿಟ್ಟೆ. ಮರುದಿನ ನೀನು ಕೊಟ್ಟೆ. ಬಲಗಡೆ ತರಗತಿ ಶಿಕ್ಷಕನಾಗಿ ಸಹಿ ಹಾಕಿ, ಮಂಜೂರು ಎಂದು ಬರೆದೆ. ಎಡಗಡೆಯ ಚುಕ್ಕಿಗಳ ಮೇಲೆ ಏನೂ ಇರಲಿಲ್ಲ. ಪೋಷಕರ ಸಹಿಯಿಲ್ಲದ ಅರ್ಜಿಯನ್ನು ನಾನು ಯಾರಿಂದಲೂ ತೆಗೆದುಕೊಳ್ಳುತ್ತಿರಲಿಲ್ಲ. ಅದೊಂದನ್ನು ತೆಗೆದುಕೊಂಡೆ, ಮತ್ತು ಅದು ನಿನಗೆ ಮಾಡಿದ ಉಪಕಾರವೆಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಡಲ್ಲಾಸ್ ಎಂದು ತೋರಿಸಿದ್ದೆಲ್ಲ ನಿಮ್ಮ ಟೊರಾಂಟೊ, ಹ್ಯಾಮಿಲ್ಟನ್‌ಗಳ ಬೀದಿಗಳೇ ಎಂದು ನೀನು ಹೇಳಿದ ಮೇಲೆ ಅಮ್ಮ ಪ್ರತಿಯೊಂದು ಬೀದಿಯಲ್ಲೂ ನಿನ್ನನ್ನೇ ಹುಡುಕುತ್ತಿದ್ದಳು. ಮೂರನೆಯ ಸೀಸನ್ನನ್ನು ನೀನು ರಜೆಗೆ ಬಂದಾಗ ಒಟ್ಟಿಗೇ ನೋಡೋಣ ಎಂಬುದು ಅವಳ ತೀರ್ಮಾನ.

ಅರ್ಜಿ ಹಳೆಯ ಹಾಜರಿ ಪುಸ್ತಕದೊಳಗೇ ಇತ್ತು, ಅಟ್ಟದ ಟ್ರಂಕಿನಲ್ಲಿ. ಅಂಚು ಹಳದಿಯಾಗಿದೆ, ನಿನ್ನ ಅಕ್ಷರ ಜ್ವರದಲ್ಲೂ ಸಾಲು ತಪ್ಪಿಲ್ಲ. ಅದನ್ನು ಈ ಪತ್ರದೊಡನೆ ಇಟ್ಟಿದ್ದೇನೆ. ಚುಕ್ಕಿಗಳ ಮೇಲೆ ಸಹಿ ಹಾಕಿದ್ದೇನೆ. ತಾರೀಖು ಇಂದಿನದೇ, ಹಿಂದಿನ ತಾರೀಖು ಹಾಕುವುದು ನಿಯಮಕ್ಕೆ ವಿರುದ್ಧ.

ಇಂತಿ,
ನಿನ್ನ ಅಪ್ಪ